ಎಡಗೈ ಕೊಟ್ಟು ಬೀಳ್ಕೊಡುವವರು

ಗಾಡಿಯ ಮೇಲೆ ಕಟ್ಟಿದ ಸಾಮಾನು ನೋಡಿದರೆ ಯಾರೋ ಹೊಸದಾಗಿ ಸಂಸಾರ ಹೂಡಲು ಹೊರಟಂತಿದೆ. ಸುರುಳಿ ಸುತ್ತಿದ ಸ್ಪಂಜಿನ ಹಾಸಿಗೆ, ಎರಡು ಪ್ಲಾಸ್ಟಿಕ್ ಬಕೆಟ್ಟು, ಚಿಕ್ಕದೊಂದು ಗ್ಯಾಸ್ ಒಲೆ, ನೀರು ಸೋಸುವ ಫಿಲ್ಟರು, ಸೊಳ್ಳೆಪರದೆ, ಔಷಧಿ ಪೆಟ್ಟಿಗೆ. ಎಲ್ಲಕ್ಕಿಂತ ಮೇಲೆ ಒಂದು ಸೈಕಲ್ಲು, ಅದರ ಹ್ಯಾಂಡಲ್ಲಿಗೆ ನೇತುಬಿದ್ದ ಹೆಲ್ಮೆಟ್ಟು. ಹೊರಟಿರುವುದು ಸಂಸಾರವಲ್ಲ, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಒಂಟಿ ಹುಡುಗಿ. ಅಮೆರಿಕದಲ್ಲಿ ಕಾಲೇಜು ಮುಗಿಸಿ ಪಶ್ಚಿಮ ಆಫ್ರಿಕದ ಸೆನೆಗಲ್ಲಿಗೆ ಬಂದವಳು. ರಾಜಧಾನಿ ಡಾಕಾರ್‌ನಿಂದ ಸುಮಾರು 70 ಕಿ.ಮೀ. ದೂರದ ತ್ಯೆಸ್ ಪಟ್ಟಣದ ತರಬೇತಿ ಕೇಂದ್ರದಲ್ಲಿ ಎರಡು ತಿಂಗಳ ಮೇಲೆ ಕಳೆದಿದ್ದಾಳೆ. ಈಗ ದೇಶದ ಇನ್ನೊಂದು ತುದಿಯ ಕೇಡುಗು ಕಡೆಯ ಹಳ್ಳಿಯೊಂದಕ್ಕೆ ಹೋಗಬೇಕು. ಅಲ್ಲಿ ಎರಡು ವರ್ಷ ಇರಬೇಕು.

ತರಬೇತಿಯ ದಿನಗಳಲ್ಲಿ ಅನ್ನ ಹಾಕಿದ ಮನೆಯೊಡತಿಯಿಂದ ಬೀಳ್ಕೊಳ್ಳುವ ಗಳಿಗೆ ಬರುತ್ತದೆ. ಆ ತಾಯಿ ಚಾಚುವುದು ಎಡಗೈ. ಊಟಕ್ಕೆ, ಕೊಡು-ಕೊಳ್ಳುವುದಕ್ಕೆ, ಕೈಕುಲುಕುವುದಕ್ಕೆ ಎಲ್ಲಕ್ಕೂ ಬಲಗೈಯನ್ನೇ ಬಳಸುವ ನಾಡು ಅದು, ಈ ವಿಷಯದಲ್ಲಿ ನಮ್ಮ ಅಜ್ಜಿಯರಷ್ಟೇ ಕಟ್ಟುನಿಟ್ಟು. ಆದರೆ ದೂರ ಹೋಗುವವರಿಗೆ ಬೇಕೆಂದೇ ಎಡಗೈ ಕೊಡುತ್ತಾರೆ. ಮಾಡಬಾರದ್ದನ್ನು ಮಾಡಿದ್ದೇವೆ, ಅದನ್ನು ಸರಿಪಡಿಸಲಾದರೂ ನೀನು ತಿರುಗಿ ಬರಬೇಕು, ಬಲಗೈ ಹಿಡಿಯಬೇಕು ಎಂಬುದು ಅದರ ಅರ್ಥ. ಹೊರಟವರ ಬಾಯಲ್ಲಿ 'ಹೋಗ್ತೀನಿ' ಬರಬಾರದು, 'ಹೋಗಿಬರ್ತೀನಿ' ಎನ್ನಬೇಕು ಎಂದು ತಿದ್ದಿಸಿಕೊಂಡು ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈ ಹುಡುಗಿ ಯಾವಳೋ ಒಬ್ಬಳಲ್ಲ. ಅಮೆರಿಕದ 'ಪೀಸ್ ಕೋರ್' 1963ರಲ್ಲಿ ಸೆನೆಗಲ್ಲಿಗೆ ಕಾಲಿಟ್ಟಾಗಿನಿಂದ ಇಂಥ ಸಾಮಾನು ಹೊತ್ತ ಗಾಡಿಗಳು ಅಲ್ಲಿ ಓಡಾಡಿವೆ. ಸಂಸ್ಥೆಯ ಹುಟ್ಟಿನ ಕಥೆ ಹಲವರಿಗೆ ಗೊತ್ತು. 1960ರ ಅಕ್ಟೋಬರ್ 14ರ ನಸುಕಿನ ಎರಡು ಗಂಟೆಗೆ ಜಾನ್ ಕೆನಡಿ ಮಿಷಿಗನ್ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ನಿಂತು, ಕಾದಿದ್ದ ವಿದ್ಯಾರ್ಥಿಗಳನ್ನು ಹೊರದೇಶಗಳಲ್ಲಿ ದುಡಿಯಲು ಸಿದ್ಧರಿದ್ದೀರಾ ಎಂದು ಕೇಳಿದರು. 1961ರ ಮಾರ್ಚ್ 1ರಂದು, ಅಧ್ಯಕ್ಷರಾಗಿ ಆದೇಶಕ್ಕೆ ಸಹಿ ಹಾಕಿದರು. ಆಗಸ್ಟ್ 30ಕ್ಕೆ ಐವತ್ತೊಂದು ಮಂದಿ ಶಿಕ್ಷಕರ ಮೊದಲ ತಂಡ ಘಾನಾದಲ್ಲಿ ವಿಮಾನ ಇಳಿಯಿತು. ಇಂಥದ್ದನ್ನು ಮೊದಲು ಮಾಡಿದವರು ಅಮೆರಿಕದವರೇನಲ್ಲ, ಬ್ರಿಟನ್ನಿನ ವಿ.ಎಸ್.ಒ. 1958ರಲ್ಲೇ ಶುರುವಾಗಿತ್ತು. ಜಪಾನ್ 1965ರಲ್ಲಿ ತನ್ನದೇ ದಳ ಕಟ್ಟಿತು.

ನನಗೆ ಕುತೂಹಲ ಹುಟ್ಟಿಸುವುದು ಈ ಸಂಸ್ಥೆಗಳ ಇತಿಹಾಸಕ್ಕಿಂತ ಅವುಗಳ ಮುಂದಿದ್ದ ಒಂದು ವಿಚಿತ್ರ ಪ್ರಶ್ನೆ. ಭಾಷೆ ಬಾರದ, ಯಾರೂ ಗೊತ್ತಿಲ್ಲದ ಹಳ್ಳಿಯಲ್ಲಿ ಒಬ್ಬರೇ ಬಾಳಲು ಯಾರಿಗಾದರೂ ತರಬೇತಿ ಕೊಡುವುದು ಹೇಗೆ?

ಮೊದಮೊದಲು ಇದಕ್ಕೆ ಸಿಕ್ಕ ಉತ್ತರ ನಗು ತರಿಸುತ್ತದೆ. 1960ರ ದಶಕದಲ್ಲಿ ಅಭ್ಯರ್ಥಿಗಳನ್ನು ಪೋರ್ಟೊರಿಕೊ ದ್ವೀಪದ ಅರೆಸಿಬೊ ಬಳಿಯ ಗುಡ್ಡಗಾಡಿಗೆ ಒಯ್ದು ಬಂಡೆ ಹತ್ತಿಸುತ್ತಿದ್ದರು, ಹಗ್ಗ ಹಿಡಿಸಿ ಅಣೆಕಟ್ಟೆಯ ಗೋಡೆಯಿಂದ ಇಳಿಸುತ್ತಿದ್ದರು. ಕೈಕಾಲು ಕಟ್ಟಿ ನೀರಿಗಿಳಿಸಿ ಮುಳುಗದೆ ತೇಲುವುದನ್ನು ಕಲಿಸುತ್ತಿದ್ದರು. ಜೊತೆಗೆ ಮನಶ್ಶಾಸ್ತ್ರಜ್ಞರು ಕೂತು ಒಬ್ಬೊಬ್ಬರನ್ನೂ ಅಳೆಯುತ್ತಿದ್ದರು, ಸಹಪಾಠಿಗಳ ಬಗ್ಗೆ ಅಭಿಪ್ರಾಯ ಬರೆಯಿಸಿಕೊಳ್ಳುತ್ತಿದ್ದರು. 'ಒಗ್ಗುವುದಿಲ್ಲ' ಎನಿಸಿದವರು ತರಬೇತಿಯ ನಡುವೆಯೇ ಗಂಟುಮೂಟೆ ಕಟ್ಟಬೇಕಿತ್ತು. ಹಳ್ಳಿಯ ಬಾಳು ಎಂದರೆ ದೇಹದ ಕಷ್ಟ, ಗಟ್ಟಿ ಆಳಿದ್ದರೆ ಗೆದ್ದಂತೆ ಎಂಬ ನಂಬಿಕೆ. ಕಷ್ಟ ದೇಹದ್ದಲ್ಲ ಎಂದು ಅವರಿಗೆ ಹೊಳೆಯಲು ಕೆಲವು ವರ್ಷಗಳೇ ಬೇಕಾದವು.

ಹಾಗೆ ನೋಡಿದರೆ ಹೊಳೆಯಬೇಕಾದದ್ದು 1961ರ ಅಕ್ಟೋಬರಿನಲ್ಲೇ. ನೈಜೀರಿಯಾಕ್ಕೆ ಬಂದ ಮೊದಲ ತಂಡ ಇಬಾದಾನ್ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ತರಬೇತಿಯ ಕೊನೆಯ ಹಂತದಲ್ಲಿತ್ತು. ತಂಡದ ಮಾರ್ಜರಿ ಮಿಷೆಲ್‌ಮೋರ್ ಎಂಬ ಇಪ್ಪತ್ತಮೂರರ ಯುವತಿ ಊರಿನ ಗೆಳೆಯನಿಗೆ ಒಂದು ಪೋಸ್ಟ್‌ಕಾರ್ಡ್ ಬರೆದಳು. ಇಲ್ಲಿನ ಜನಜೀವನ ಎಷ್ಟು ಹಿಂದುಳಿದಿದೆ, ಎಲ್ಲವನ್ನೂ ಬೀದಿಯಲ್ಲೇ ಮಾಡುತ್ತಾರೆ ಎಂಬ ಧಾಟಿಯ ನಾಲ್ಕು ಸಾಲು. ಕಾರ್ಡು ಅಂಚೆಗೆ ಸೇರುವ ಮೊದಲೇ ಕೈತಪ್ಪಿ ಬಿತ್ತು, ಒಬ್ಬ ವಿದ್ಯಾರ್ಥಿಗೆ ಸಿಕ್ಕಿತು. ಪ್ರತಿಗಳಾಗಿ ಹಾಸ್ಟೆಲು ಹಾಸ್ಟೆಲಿಗೂ ಹಂಚಿಹೋಯಿತು. ಸ್ವತಂತ್ರವಾಗಿ ವರ್ಷವಷ್ಟೇ ಕಳೆದಿದ್ದ ದೇಶದ ವಿದ್ಯಾರ್ಥಿಗಳು ಕೆರಳಿದರು. ಅವಳು ಕ್ಷಮೆ ಕೇಳಿ ತಾಯ್ನಾಡಿಗೆ ಮರಳಬೇಕಾಯಿತು. ಅವಳೇನು ದಡ್ಡಿಯಲ್ಲ, ಒಳ್ಳೆಯ ಅಂಕ ತೆಗೆದ, ತಂಡದಲ್ಲೇ ಚುರುಕಾದ ಹುಡುಗಿ. ಎಷ್ಟು ಬಂಡೆ ಹತ್ತಿಸಿದ್ದರೂ ಆ ಕಾರ್ಡು ತಪ್ಪುತ್ತಿರಲಿಲ್ಲ. ಹೊಸಬರ ಕಣ್ಣಿಗೆ ಮೊದಲು ಕಾಣುವುದು ಅಲ್ಲಿ ಏನಿಲ್ಲ ಎಂಬುದು. ಏನಿದೆ ಎಂಬುದು ಕಾಣಲು ಆ ಊರಲ್ಲೇ ಕೂರಬೇಕು.

1970ರ ದಶಕದ ಹೊತ್ತಿಗೆ ತರಬೇತಿ ಅಮೆರಿಕದ ಕಾಲೇಜುಗಳನ್ನು ಬಿಟ್ಟು ಹೆಚ್ಚುಕಡಿಮೆ ಹೋಗುವ ದೇಶಗಳಿಗೇ ವರ್ಗವಾಯಿತು. ಪಾಠ ಹೇಳುವವರೂ ಆ ದೇಶದವರೇ. ಸೆನೆಗಲ್‌ನಲ್ಲಿ ತ್ಯೆಸ್ ಕೇಂದ್ರಕ್ಕೆ ಬಂದವರನ್ನು ಮೂರು, ನಾಲ್ಕು ಜನರ ಗುಂಪು ಮಾಡಿ ಸುತ್ತಲ ಊರುಗಳ ಮನೆಗಳಿಗೆ ಹಂಚಿಬಿಡುತ್ತಾರೆ. ಗುಂಪಿಗೊಬ್ಬರು ಭಾಷೆಯ ಮೇಷ್ಟರು. ಫ್ರೆಂಚ್ ಅಲ್ಲಿನ ಆಡಳಿತ ಭಾಷೆ, ಆದರೆ ಅದು ಹಳ್ಳಿಯ ಬಾವಿಕಟ್ಟೆಯವರೆಗೆ ಬರುವುದಿಲ್ಲ. ಹಾಗಾಗಿ ಹೋಗುವ ಊರಿಗೆ ತಕ್ಕಂತೆ ಒಬ್ಬರಿಗೆ ವೊಲೊಫ್, ಒಬ್ಬರಿಗೆ ಸೆರೆರ್, ಒಬ್ಬರಿಗೆ ಮಂಡಿಂಕ, ಇನ್ನೊಬ್ಬರಿಗೆ ಪುಲಾರ್.

ಮನೆಗೆ ಕಾಲಿಟ್ಟ ದಿನವೇ ಹೆಸರು ಹೋಗುತ್ತದೆ. ಆ ಮನೆಯ ಅಜ್ಜಿಯದೋ ಅತ್ತೆಯದೋ ಹೆಸರನ್ನು ಬಂದವಳಿಗೆ ಇಡುತ್ತಾರೆ, ಮನೆತನದ ಹೆಸರೂ ಅವರದೇ. ಅದು ಬರೀ ಅಕ್ಕರೆಯಲ್ಲ, ಅನುಕೂಲವೂ ಹೌದು. ಮನೆತನದ ಹೆಸರಿಲ್ಲದೆ ಅಲ್ಲಿ ಮಾತೇ ಹೊರಡುವುದಿಲ್ಲ. ಜೋಪ್ ಮನೆಯವರಿಗೂ ನ್ಜಾಯ್ ಮನೆಯವರಿಗೂ ತಲೆತಲಾಂತರದ ಹಾಸ್ಯದ ನಂಟು. ಗುರುತು ಪರಿಚಯವಿಲ್ಲದವರೂ ಹೆಸರು ಕೇಳಿದ ತಕ್ಷಣ 'ನೀನಾ, ಅನ್ನಬಾಕ!' ಎಂದು ಜರೆಯಬಹುದು, ಎದುರಿನವರು ಇನ್ನೊಂದು ಮಾತು ಸೇರಿಸಿ ತಿರುಗಿಸಬೇಕು. ನಮ್ಮಲ್ಲಿ ಭಾವ-ಮೈದುನರು ಮದುವೆಮನೆಯಲ್ಲಿ ಕಾಲೆಳೆಯುವುದನ್ನು ಒಂದಿಡೀ ದೇಶಕ್ಕೆ ಹರಡಿದರೆ ಹೇಗೋ ಹಾಗೆ. ಪೊಲೀಸರ ತಪಾಸಣೆ, ಬಸ್ಸಿನ ಜಗಳ ಎಷ್ಟೋ ಸಲ ಈ ಜರೆಯುವಿಕೆಯಲ್ಲೇ ಕರಗುತ್ತವೆ. ಹೆಸರು ಸಿಕ್ಕಿದ ಹುಡುಗಿಗೆ ಬೈಸಿಕೊಳ್ಳುವ ಹಕ್ಕೂ ಸಿಕ್ಕಿತು ಎಂದು ತಿಳಿಯಬೇಕು.

ಊಟ ಒಂದೇ ದೊಡ್ಡ ಬೋಗುಣಿಯಲ್ಲಿ. ಸುತ್ತ ಕೂತವರು ತಂತಮ್ಮ ಮುಂದಿನ ಭಾಗವನ್ನಷ್ಟೇ ತಿನ್ನಬೇಕು, ನಡುವಿನ ಮೀನು ತರಕಾರಿಗೆ ಕೈ ಹಾಕುವ ಹಾಗಿಲ್ಲ. ಅದನ್ನು ಮುರಿದು ಮುರಿದು ಎಲ್ಲರ ಕಡೆಗೂ ತಳ್ಳುವುದು ಮನೆಯ ಹೆಂಗಸಿನ ಕೆಲಸ. ಹೊಸಬಳ ಕಡೆಗೆ ಒಂದು ಚೂರು ಹೆಚ್ಚೇ ಬರುತ್ತದೆ. ಸಾಕು ಎಂದರೆ ಕೇಳುವವರಿಲ್ಲ.

ಭಾಷೆಯ ಪಾಠ ಶುರುವಾಗುವುದು ಯೋಗಕ್ಷೇಮದಿಂದ. ವೊಲೊಫ್‌ನಲ್ಲಿ 'ಹೇಗಿದ್ದೀ?' ಎಂದು ಕೇಳಿದರೆ ಉತ್ತರ 'ಮಾಂಗಿ ಫೀ ರೆಕ್', ಅಂದರೆ 'ಇಲ್ಲೇ ಇದ್ದೇನೆ, ಅಷ್ಟೇ'. ಮನೆಯವರು? ಅಲ್ಲಿದ್ದಾರೆ. ಮಕ್ಕಳು? ಅಲ್ಲಿದ್ದಾರೆ. ಕೇಡುಗು ಕಡೆ ಆಡುವ ಪುಲಾರ್‌ನಲ್ಲಿ 'ತಾನಾ ಅಲಾ?', ಕೆಟ್ಟದ್ದೇನೂ ಇಲ್ಲವಷ್ಟೆ? 'ಜಾಮ್ ತುನ್', ನೆಮ್ಮದಿ ಮಾತ್ರ. ಹೀಗೆ ನಾಲ್ಕೈದು ಸುತ್ತು ಆಗದೆ ಯಾವ ಕೆಲಸದ ಮಾತೂ ಎತ್ತುವಂತಿಲ್ಲ. ಗಡಿಯಾರ ನೋಡಿ ಬೆಳೆದವರಿಗೆ ಇದು ಹೊತ್ತು ಕಳೆಯುವ ಶಾಸ್ತ್ರದಂತೆ ಕಾಣುತ್ತದೆ. ಮೊದಲ ತಿಂಗಳು ಇದೊಂದು ಬಂದರೆ ಸಾಕು ಎಂದು ಮೇಷ್ಟರು ಹೇಳುತ್ತಾರೆ, ಅದು ಸಮಾಧಾನಕ್ಕೆ ಹೇಳುವ ಮಾತಲ್ಲ.

ಪುಲಾರ್ ಸುಲಭದ ಭಾಷೆಯಲ್ಲ. ನಾಮಪದಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಗಗಳು. ಏಕವಚನ ಬಹುವಚನವಾದರೆ ಪದದ ತುದಿ ಮಾತ್ರವಲ್ಲ ತಲೆಯೂ ಬದಲಾಗುತ್ತದೆ. ಆ ಭಾಷೆಯವನು ಒಬ್ಬನಾದರೆ 'ಪುಲ್ಲೊ', ಜನವಾದರೆ 'ಫುಲ್ಬೆ'. ಇನ್ನೊಂದು ಸೂಕ್ಷ್ಮ ಇದೆ, ಅದು ಬಳ್ಳಾರಿ, ಕೋಲಾರದ ಕಡೆ ತೆಲುಗು ಬಲ್ಲವರಿಗೆ ಬೇಗ ಹಿಡಿಯುತ್ತದೆ. ತೆಲುಗಿನ 'ಮನಮು', 'ಮೇಮು' ಇದ್ದಂತೆ ಪುಲಾರ್‌ನಲ್ಲೂ 'ನಾವು' ಎರಡು. ಎದುರಿಗಿರುವ ನಿನ್ನನ್ನೂ ಸೇರಿಸಿಕೊಂಡ ನಾವು 'ಎನ್'. ನಿನ್ನನ್ನು ಬಿಟ್ಟ ನಾವು 'ಮೆನ್'. ಇಂಗ್ಲಿಷ್ ಆಡುವ ಹುಡುಗಿಗೆ ಈ ಬೇಲಿ ತನ್ನ ಭಾಷೆಯಲ್ಲಿ ಎಂದೂ ಕಂಡಿರಲಿಲ್ಲ. ಪಾಠದಲ್ಲಿ ಅದು ಬರೀ ವ್ಯಾಕರಣ. ಊರಿಗೆ ಹೋದ ಮೇಲೆ ಯಾರು ತನ್ನೆದುರು ಯಾವ 'ನಾವು' ಆಡಿದರು ಎಂದು ಕಿವಿ ನಿಮಿರುತ್ತದೆ.

ಇವೆಲ್ಲದರ ನಡುವೆ ಕೆಲಸದ ತರಬೇತಿಯೂ ಇದೆ. ಗೊಬ್ಬರದ ಗುಂಡಿ, ಸಸಿ ಮಡಿ, ಕೈದೋಟ, ಮಲೇರಿಯಾ ತಡೆ. ಅದನ್ನು ಕಲಿಸುವುದು ಕಷ್ಟವಲ್ಲ. ಕಷ್ಟವಿರುವುದು ಪದವೀಧರೆಯೊಬ್ಬಳು ಮೂರು ವರ್ಷದ ಮಗುವಿನಿಂದ ಮಾತು ತಿದ್ದಿಸಿಕೊಳ್ಳುವುದರಲ್ಲಿ. ಸ್ನಾನಕ್ಕೆ ಎಷ್ಟು ನೀರು, ಬಾವಿಯ ಹಗ್ಗ ಹೇಗೆ ಹಿಡಿಯಬೇಕು, ಯಾರ ಮುಂದೆ ಯಾವಾಗ ಕೂರಬಾರದು, ಎಲ್ಲವೂ ಹೊಸದು. ಈ ತರಬೇತಿಯ ತಿರುಳು ಇದೇ ಎಂದು ನನಗನ್ನಿಸುತ್ತದೆ. ಕಲಿಸಲು ಬಂದವಳನ್ನು ಮೊದಲು ಏನೂ ಬಾರದವಳನ್ನಾಗಿ ಮಾಡುವುದು. ಸಂಸ್ಥೆ ತನಗೆ ಹಾಕಿಕೊಂಡ ಮೂರು ಗುರಿಗಳಲ್ಲೂ ಒಂದು ಮಾತ್ರ ತರಬೇತಾದ ಕೈಗಳನ್ನು ಒದಗಿಸುವುದು. ಉಳಿದ ಎರಡೂ ಅಲ್ಲಿಯವರು ಅಮೆರಿಕದವರನ್ನು, ಅಮೆರಿಕದವರು ಅಲ್ಲಿಯವರನ್ನು ಅರಿಯುವುದಕ್ಕೆ ಸಂಬಂಧಿಸಿದವು.

ಕೊನೆಗೆ ಭಾಷಾ ಪರೀಕ್ಷೆ, ಆಮೇಲೆ ಪ್ರಮಾಣವಚನ. ಅಲ್ಲಿಯವರೆಗೆ ಅವರು ಬರೀ ತರಬೇತಿ ಪಡೆಯುವವರು, ಕೈ ಎತ್ತಿ ತಮ್ಮ ದೇಶದ ಸಂವಿಧಾನದ ಮೇಲೆ ಪ್ರಮಾಣ ಮಾಡಿದ ಮೇಲಷ್ಟೇ ಸ್ವಯಂಸೇವಕರು. ಸೆನೆಗಲ್ಲಿನ ಸಂತೆಯಲ್ಲಿ ಬಟ್ಟೆ ಕೊಂಡು ಅಲ್ಲಿನ ದರ್ಜಿಯಿಂದಲೇ ಹೊಲಿಸಿದ ಬಣ್ಣದ ಉಡುಪು ತೊಟ್ಟು ನಿಲ್ಲುತ್ತಾರೆ. ಒಂದಿಬ್ಬರು ಸ್ಥಳೀಯ ಭಾಷೆಯಲ್ಲಿ ಭಾಷಣ ಮಾಡುತ್ತಾರೆ. ತಪ್ಪುಗಳಿಗೇ ಹೆಚ್ಚು ಚಪ್ಪಾಳೆ.

ಇನ್ನು ದಾರಿ. ಮೊದಲ ಪಯಣಕ್ಕೆ ಸಂಸ್ಥೆಯ ಗಾಡಿ ಇರುತ್ತದೆ, ಮುಂದಿನವಕ್ಕೆ ಇರುವುದು 'ಸೆತ್‌ಪ್ಲಾಸ್'. ಫ್ರೆಂಚಿನಲ್ಲಿ 'ಏಳು ಸೀಟು' ಎಂದರ್ಥ. ಹಳೆಯ ಪೂಜೊ ಕಾರು, ಮೂರು ಸಾಲು, ಏಳು ಜನ. ಹೊರಡುವ ವೇಳೆ ಎಂಬುದಿಲ್ಲ, ಏಳನೆಯವರು ಬಂದಾಗ ಹೊರಡುತ್ತದೆ. ಮೊದಲು ಬಂದವರಿಗೆ ಮುಂದಿನ ಸೀಟು, ಕೊನೆಗೆ ಬಂದವರಿಗೆ ಮೊಣಕಾಲು ಗದ್ದಕ್ಕೆ ತಾಗುವ ಹಿಂದಿನ ಸಾಲು. ಹೀಗಾಗಿ ಬೇಗ ಬಂದವರು ಹೆಚ್ಚು ಕಾಯುತ್ತಾರೆ, ತಡವಾಗಿ ಬಂದವರು ಹೆಚ್ಚು ನೋಯುತ್ತಾರೆ. ಸೀಟಿನ ದರದಲ್ಲಿ ಚೌಕಾಶಿ ಇಲ್ಲ, ಗಂಟಿನ ದರದಲ್ಲಿ ಉಂಟು. ನಮ್ಮ ಮ್ಯಾಕ್ಸಿಕ್ಯಾಬ್ ಹತ್ತಿ ಬಲ್ಲವರಿಗೆ ಅರ್ಧ ತರಬೇತಿ ಮುಗಿದಂತೆಯೇ.

ಡಾಕಾರ್‌ನಿಂದ ಕೇಡುಗುವಿಗೆ ಸುಮಾರು 700 ಕಿ.ಮೀ. ಮೊದಲು ಸಿಗುವುದು ಕವೊಲಾಕ್ ಸುತ್ತಿನ ಶೇಂಗಾ ನಾಡು. ಊರ ಹೊರಗೆ ಉಪ್ಪಿನ ರಾಶಿಗಳು. ದಾರಿಯುದ್ದಕ್ಕೂ ಬೇರನ್ನು ಆಕಾಶಕ್ಕೆ ಮಾಡಿ ನಿಂತಂಥ ಬೋಳು ಬೋಬಾಬ್ ಮರಗಳು. ಹಾವೇರಿ ಜಿಲ್ಲೆಯ ಸವಣೂರಿಗೆ ಹೋದವರು ಅಲ್ಲಿನ ಮಠದಲ್ಲಿ 'ದೊಡ್ಡ ಹುಣಸೆ' ಎಂದು ಕರೆಯುವ ಆನೆಗಾತ್ರದ ಮೂರು ಮರ ನೋಡಿರುತ್ತಾರೆ. ಅದೇ ಮರ, ಆಫ್ರಿಕದಿಂದ ಯಾವ ಕಾಲದಲ್ಲೋ ಬಂದದ್ದು. ನಮ್ಮಲ್ಲಿ ಮೂರನ್ನು ಕಾಣಲು ಜನ ಊರು ಬಿಟ್ಟು ಹೋಗುತ್ತಾರೆ, ಅಲ್ಲಿ ಅದರ ನೆರಳಲ್ಲಿ ಆಡು ಕಟ್ಟುತ್ತಾರೆ, ಎಲೆಯನ್ನು ಒಣಗಿಸಿ ಪುಡಿ ಮಾಡಿ ಅಡುಗೆಗೆ ಬೆರೆಸುತ್ತಾರೆ.

ತಂಬಾಕುಂಡಾ ಬಂತೆಂದರೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ, ರಾಯಚೂರಿನವರಿಗೆ ಬೇರೆ ಹೇಳಬೇಕಿಲ್ಲ. ಸಂತೆಯಲ್ಲಿ ಮರೆತ ಸಾಮಾನು ಕೊಳ್ಳಲು ಇದು ಕೊನೆಯ ದೊಡ್ಡ ಊರು. ಮುಂದೆ ಹೆದ್ದಾರಿ ನಿಯೊಕೊಲೊ-ಕೋಬಾ ರಾಷ್ಟ್ರೀಯ ಉದ್ಯಾನದ ಒಳಗಿಂದ ಹಾಯುತ್ತದೆ. 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡು ಅದು. ಬಂಡೀಪುರದಲ್ಲಿ ಆನೆ ಅಡ್ಡ ಬಂದರೆ ಬಸ್ಸು ನಿಲ್ಲುವಂತೆ ಇಲ್ಲಿ ಕೋತಿಗಳ ದಂಡಿಗೆ ಗಾಡಿ ನಿಲ್ಲುತ್ತದೆ. ಆಮೇಲೆ ಗುಡ್ಡ, ಜಂಬಿಟ್ಟಿಗೆಯ ಕೆಂಪು ನೆಲ. ಟಾರು ಬಿಟ್ಟ ಮೇಲೆ ಆ ಕೆಂಪು ಧೂಳು ಹಾಸಿಗೆ, ಬಕೆಟ್ಟು, ಸೈಕಲ್ಲು ಎಲ್ಲವನ್ನೂ ಒಂದೇ ಬಣ್ಣಕ್ಕೆ ತರುತ್ತದೆ.

ಊರು ಮುಟ್ಟುವ ಮೊದಲು ಕಚೇರಿಗಳ ಸುತ್ತು. ಪೊಲೀಸ್ ಠಾಣೆ, ಆಡಳಿತದ ಅಧಿಕಾರಿ, ಆರೋಗ್ಯ ಕೇಂದ್ರ. ಎಲ್ಲ ಕಡೆ ಮುಖ ತೋರಿಸಿ, ಕೈಕುಲುಕಿ, ಯೋಗಕ್ಷೇಮ ಒಪ್ಪಿಸಬೇಕು. ಕೊನೆಯಲ್ಲಿ ಊರ ಮುಖ್ಯಸ್ಥನ ಅಂಗಳ. ಅಲ್ಲಿಗೆ ಬರಿಗೈಲಿ ಹೋಗುವಂತಿಲ್ಲ, ಕೋಲಾ ಕಾಯಿ ಒಯ್ಯಬೇಕು. ಕಹಿಯಾದ, ಅಗಿದರೆ ನಿದ್ದೆ ಓಡಿಸುವ ಕಾಯಿ. ನಮ್ಮ ಎಲೆ ಅಡಿಕೆಯ ಹಾಗೆ ಮದುವೆ, ನಾಮಕರಣ, ನ್ಯಾಯ ತೀರ್ಮಾನ ಯಾವುದಕ್ಕೂ ಅದು ಬೇಕು. ಸಂಸ್ಥೆಯಿಂದ ಬಂದವರು ಮುಖ್ಯಸ್ಥನಿಗೆ ಹೇಳುವುದರ ಸಾರ ಇಷ್ಟೇ: ಇವಳು ಇನ್ನು ನಿಮ್ಮ ಮಗಳು. ಹೆಣ್ಣು ಒಪ್ಪಿಸುವ ಶಾಸ್ತ್ರದಂತೆಯೇ ಇದೆಯಲ್ಲ ಎನಿಸಿದರೆ ತಪ್ಪಿಲ್ಲ. ಬಂದವನು ಗಂಡಾದರೂ ಮಾತು ಅದೇ. ಮನೆಯವರ ಬೇಲಿಯೊಳಗೇ ಒಂದು ಗುಡಿಸಲು, ಹಿಂದೆ ಅದರದೇ ಬಚ್ಚಲು. ತ್ಯೆಸ್‌ನಲ್ಲಿ ಇಟ್ಟ ಹೆಸರನ್ನು ಈ ಮನೆಯವರು ಉಳಿಸಿದರೆ ಉಳಿಯಿತು, ಇಲ್ಲವಾದರೆ ಮತ್ತೊಂದು.

ಸಾಮಾನು ಇಳಿಸಿ ಗಾಡಿ ತಿರುಗುತ್ತದೆ. ಈ ಕೆಲಸ ಮಾಡಿ ಬಂದವರು ಬರೆದಿರುವುದನ್ನು ಓದಿದರೆ ಎಲ್ಲರೂ ನೆನೆಯುವುದು ಈ ಗಳಿಗೆಯನ್ನು. ಧೂಳು ಅಡಗುತ್ತದೆ. ಮೂವತ್ತು ಜೋಡಿ ಕಣ್ಣು ಇವಳ ಮೇಲಿರುತ್ತದೆ. ಕಲಿತ ಪುಲಾರ್ ಎಲ್ಲ ಯೋಗಕ್ಷೇಮದಲ್ಲೇ ಖರ್ಚಾಗಿ ಹೋಗಿರುತ್ತದೆ, ಮುಂದೇನು? ನಮ್ಮ ಹಳ್ಳಿ ಶಾಲೆಗೆ ಮೊದಲ ನೇಮಕದ ಮೇಷ್ಟರು ಸಂಜೆಯ ಬಸ್ಸಿಗೆ ಬಂದಿಳಿದು, ಟ್ರಂಕಿನ ಮೇಲೆ ಕೂತು, 'ಶಾಲೆ ಬೀಗ ಯಾರ ಹತ್ರ ಐತ್ರಿ?' ಎಂದು ಕೇಳುತ್ತಿದ್ದರಲ್ಲ, ಅವರ ಮುಖ ಇಲ್ಲಿ ನೆನಪಾಗುತ್ತದೆ. ಅವರಿಗೆ ಕಡೇಪಕ್ಷ ಬೀಗ ಎಂಬ ಪದ ಗೊತ್ತಿತ್ತು.

ಅಂದಹಾಗೆ, ಹೀಗೆ ಬಂದಿಳಿದವರನ್ನು ನಮ್ಮ ನೆಲವೂ ಕಂಡಿದೆ. 1961ರ ಕೊನೆಯಲ್ಲಿ ಪಂಜಾಬಿಗೆ ಬಂದ ಮೊದಲ ತಂಡದಿಂದ ಹಿಡಿದು 1976ರಲ್ಲಿ ಕಾರ್ಯಕ್ರಮ ಮುಚ್ಚುವವರೆಗೆ ಭಾರತಕ್ಕೆ ಸಾವಿರಾರು ಮಂದಿ ಬಂದರು. ಆಗಿನ ಮೈಸೂರು ರಾಜ್ಯಕ್ಕೂ ಬಂದಿದ್ದರು. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಮುಂಬೈ ಪಕ್ಕದ ವಿಕ್ರೋಲಿಗೆ ನರ್ಸಾಗಿ ಬಂದು ಸುಮಾರು ಎರಡು ವರ್ಷ ಇದ್ದರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಲ್ಲಿ ಗೊತ್ತಿಲ್ಲದ ಊರಲ್ಲಿ ಪೆಟ್ಟಿಗೆ ಇಳಿಸಿ ನಿಲ್ಲುವುದು ಇಪ್ಪತ್ತೆರಡರವರ ಧೈರ್ಯಕ್ಕಿಂತ ದೊಡ್ಡದು ಎಂದು ನನ್ನ ಲೆಕ್ಕ.

ಸೆನೆಗಲ್ಲಿನ ಹಳ್ಳಿಯಲ್ಲಿ ಮರುದಿನ ನಸುಕಿಗೇ ಎಚ್ಚರವಾಗುತ್ತದೆ, ಒನಕೆಯ ಸದ್ದಿಗೆ. ಇಬ್ಬರು ಮೂವರು ಹೆಂಗಸರು ಒಂದೇ ಒರಳಿಗೆ ಸರದಿಯ ಮೇಲೆ ಒನಕೆ ಹಾಕುತ್ತಾರೆ, ತಾಳ ತಪ್ಪುವುದಿಲ್ಲ. ಕುಟ್ಟುವುದು ಹಲವು ಕಡೆ ಸಜ್ಜೆ. ಉತ್ತರ ಕರ್ನಾಟಕದ ಸಜ್ಜೆ ರೊಟ್ಟಿಯ ಮೂಲ ನೆಲ ಪಶ್ಚಿಮ ಆಫ್ರಿಕವೇ. ಅಲ್ಲಿನ ರೈತರು ಪಳಗಿಸಿದ ಆ ಧಾನ್ಯ ನಾಲ್ಕು ಸಾವಿರ ವರ್ಷದಷ್ಟು ಹಿಂದೆಯೇ ನಮ್ಮ ಕಡೆ ಬಂದಿತು. ಹುಡುಗಿ ನಾನೂ ಕುಟ್ಟುತ್ತೇನೆ ಎಂದು ಒನಕೆ ಕೇಳುತ್ತಾಳೆ. ಕೊಡುತ್ತಾರೆ. ನಾಲ್ಕು ಪೆಟ್ಟಿಗೆ ಅಂಗೈ ಸುಲಿಯುತ್ತದೆ, ಅರ್ಧ ಕಾಳು ಹೊರಗೆ. ಅಂಗಳ ನಗುತ್ತದೆ. ಎಂಟು ವರ್ಷದ ಹುಡುಗಿ ಬಂದು ಒನಕೆ ಈಸಿಕೊಳ್ಳುತ್ತಾಳೆ.

ಸೆನೆಗಲ್ಲಿನಲ್ಲಿ ಬಹುಕಾಲ ಒಂದು ರೂಢಿಯಿತ್ತು. ಊರಿಗೆ ಬಿಟ್ಟ ಮೇಲೆ ಮೊದಲ ಐದು ವಾರ ಹಳ್ಳಿ ಬಿಟ್ಟು ಕದಲಬಾರದು, ಯಾವ ಯೋಜನೆಗೂ ಕೈ ಹಾಕಬಾರದು, ಆಮೇಲೆ ತ್ಯೆಸ್‌ಗೆ ಮರಳಿ ಉಳಿದ ತರಬೇತಿ ಪಡೆಯಬೇಕು. ಮೇಲುನೋಟಕ್ಕೆ ಇದು ಸುಮ್ಮನೆ ಕೂರಿಸುವ ಶಿಕ್ಷೆ. ಕೆಲಸವಿಲ್ಲದೆ ಕೂರುವುದೇ ಈ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ ಎಂದು ಬಲ್ಲವರು ಹಾಕಿದ ನಿಯಮ ಅದು. ಬೋರಿಂಗ್ ಹೊಡೆಸಬೇಕು, ತೋಟ ಹಾಕಿಸಬೇಕು ಎಂದು ಬಂದವಳು ಮಧ್ಯಾಹ್ನಗಳನ್ನು ಚಹಾದಲ್ಲಿ ಕಳೆಯುತ್ತಾಳೆ. ಅಲ್ಲಿನ ಚಹಾ ಇದ್ದಿಲ ಮೇಲೆ ಮೂರು ಸಲ ಕುದಿಯುತ್ತದೆ. ಮೊದಲ ಲೋಟ ಕಹಿ, ಮೂರನೆಯದು ಸಿಹಿ, ನಡುವೆ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಯಾರ ಬಾವಿ ಯಾವ ತಿಂಗಳು ಬತ್ತುತ್ತದೆ, ಯಾರ ಯಾರ ನಡುವೆ ಮಾತಿಲ್ಲ, ಹಿಂದೊಮ್ಮೆ ಬಂದ ತೋಟದ ಯೋಜನೆ ಬೇಲಿಯಿಲ್ಲದೆ ಹೇಗೆ ಆಡುಗಳ ಪಾಲಾಯಿತು ಎಂಬುದೆಲ್ಲ ಬರುತ್ತದೆ. ಯಾವ ವರದಿಯಲ್ಲೂ ಅದು ಇರುವುದಿಲ್ಲ.

ಇದರಿಂದ ಊರಿಗೆ ಏನಾಯಿತು ಎಂಬ ತಕರಾರು ನ್ಯಾಯವಾದದ್ದೇ. ತಲೆತಲಾಂತರದಿಂದ ಉಳುತ್ತಿರುವವರಿಗೆ ಸಾಹಿತ್ಯ ಓದಿದ ಇಪ್ಪತ್ತೆರಡರ ಹುಡುಗಿ ಏನು ಹೇಳಿಕೊಡಬಲ್ಲಳು? ಬಹಳವೇನಿಲ್ಲ ಎಂದೇ ನನ್ನ ಉತ್ತರ. ಎರಡು ವರ್ಷಕ್ಕೆ ನಾಲ್ಕು ತೋಟ, ಹತ್ತಾರು ಮಾವಿನ ಕಸಿ, ಕೆಲವು ಸೊಳ್ಳೆಪರದೆ. ಕೊರೋನಾ ಬಂದಾಗ, 2020ರ ಮಾರ್ಚ್‌ನಲ್ಲಿ, ಅರವತ್ತಕ್ಕೂ ಹೆಚ್ಚು ದೇಶಗಳಿಂದ ಸುಮಾರು 7,000 ಸ್ವಯಂಸೇವಕರನ್ನು ಕೆಲವೇ ದಿನಗಳಲ್ಲಿ ವಾಪಸು ಕರೆಸಿಕೊಂಡರು. ಊರುಗಳು ನಿಂತುಹೋಗಲಿಲ್ಲ, ಅವರಿಲ್ಲದೆಯೂ ನಡೆದವು. ಎಷ್ಟೋ ಜನಕ್ಕೆ ಎಡಗೈ ಚಾಚಲೂ ಹೊತ್ತಿರಲಿಲ್ಲ ಎಂಬುದಷ್ಟೇ ಬೇರೆ.

ಹೊಸಬಳಿಗೆ ಆ ಮೊದಲ ವಾರಗಳಲ್ಲಿ ಇನ್ನೊಂದು ಕಾಟವಿದೆ. ಬಹಳಷ್ಟು ಊರುಗಳಲ್ಲಿ ಅವಳಿಗಿಂತ ಮೊದಲು ಬೇರೊಬ್ಬರು ಎರಡು ವರ್ಷ ಇದ್ದು ಹೋಗಿರುತ್ತಾರೆ. ಮಕ್ಕಳು ಇವಳನ್ನೂ ಅವರ ಹೆಸರಿನಿಂದಲೇ ಕೂಗುತ್ತವೆ. ಬೋಗುಣಿಯ ಸುತ್ತ ಕೂತಾಗ ಅಜ್ಜಿ ಇವಳ ಕಡೆ ಒಂದು ತುಂಡು ಕುಂಬಳಕಾಯಿ ತಳ್ಳಿ, ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ, 'ಮೊದಲಿನವಳು ನಮ್ಮ ಮಾತು ಎಷ್ಟು ಚೆಂದ ಆಡ್ತಿದ್ದಳು!' ಆ ಮೊದಲಿನವಳೂ ಬಂದ ಹೊಸದರಲ್ಲಿ ಇದೇ ಬೋಗುಣಿಯ ಮುಂದೆ ಬಾಯಿ ಬಾರದೆ ಕೂತಿದ್ದಳು, ಅವಳೂ ತನಗಿಂತ ಹಿಂದಿನವನ ಗುಣಗಾನ ಕೇಳಿಸಿಕೊಂಡಿದ್ದಳು. ಅದು ಅಜ್ಜಿಗೆ ನೆನಪಿಲ್ಲ. ಅವಳು ಇನ್ನೊಂದು ತುಂಡು ಮುರಿಯುತ್ತಿದ್ದಾಳೆ.